ಒಂದೇ ಸೇತುವೆ, ಎರಡು ನ್ಯಾಯ

ಭಾವ: ಕೆನಡಾ ಪಿಆರ್ (ಕಾಯಂ ವಾಸದ ಅನುಮತಿ) ಸಿಕ್ತು ಕಣೋ! ಶನಿವಾರವೇ ನಯಾಗರಾ ಸೇತುವೆ ದಾಟಿ ಬಫಲೋಗೆ, ನಿಮ್ಮನೆಗೆ ಬರ್ತೀವಿ.

ಭಾವಮೈದ: ಅಮೆರಿಕದ ವೀಸಾ ಇದೆಯಾ ಭಾವ?

ಭಾವ: ಪಿಆರ್ ಕಾರ್ಡೇ ಇದೆಯಲ್ಲೋ!

ಭಾವಮೈದ: ಇಲ್ಲಿ ನೋಡೋದು ಪಾಸ್‌ಪೋರ್ಟು. ನಿಮ್ಮದು ಭಾರತದ್ದು. 185 ಡಾಲರ್ ಕಟ್ಟಿ, ಸಂದರ್ಶನಕ್ಕೆ ಕಾಯಬೇಕು.

ಭಾವ: ನಿನ್ನದೂ ಭಾರತದ್ದೇ. ನೀನು ಇಲ್ಲಿಗೆ ಬರೋಕೆ?

ಭಾವಮೈದ: ಜೊತೆಗೆ ಗ್ರೀನ್ ಕಾರ್ಡ್ ಇದ್ರೆ ಸಾಕು. ವೀಸಾ ಬೇಡ, 2022ರ ಏಪ್ರಿಲ್‌ನಿಂದ ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ಕೂಡ ಬೇಡ.

ಭಾವ: ಇದ್ಯಾವ ನ್ಯಾಯವೋ!

ಭಾವಮೈದ: ಇನ್ನು ನಿಮ್ಮ ಅಮೆರಿಕ ವೀಸಾ ಅರ್ಜಿಯಲ್ಲಿ ‘ನೀವು ಉಗ್ರಗಾಮಿಯೇ?’ ಅಂತಾನೂ ಕೇಳ್ತಾರೆ.

ಭಾವ: ‘ಹೌದು’ ಅಂತ ಬರೆಯೋನು ಯಾರೋ?

ಭಾವಮೈದ: ಅದನ್ನ ಸಂದರ್ಶನದಲ್ಲಿ ಕೇಳಬೇಡಿ, ಭಾವ.

ಓದುಗರೇ, ಕೆನಡಾದ ಪಿಆರ್ ಕಾರ್ಡ್ ಇದ್ದರೆ ಕೆನಡಾದಲ್ಲಷ್ಟೇ ನೀವು ಮನೆಯವರು. ಅಮೆರಿಕದ ಗಡಿ ದಾಟುವ ಮುನ್ನ ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದೆಂದು ನೋಡಿಕೊಳ್ಳಿ.