ಭೋಗ್ಯ ಮೀಮಾಂಸೆ, ಅಥವಾ ಸೋರುವ ಮಾಳಿಗೆ ಯಾರ ಪಾಲು?

ವ್ಯಾಖ್ಯೆ: ಭೋಗಿಸಲು ಯೋಗ್ಯವಾದದ್ದು ಭೋಗ್ಯ ಎನ್ನುತ್ತದೆ ನಿಘಂಟು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅರ್ಥ ಬೇರೆ. ಇಡಿಗಂಟು ಕೊಡು, ಬಾಡಿಗೆಯಿಲ್ಲದೆ ಇರು, ಬಿಡುವಾಗ ಬಡ್ಡಿಯಿಲ್ಲದ ಗಂಟು ವಾಪಸ್. ಅಜ್ಜ ಕಟ್ಟಿಸಿದ ಮನೆಯ ನಡುವೆ ಮೊಮ್ಮಕ್ಕಳು ಗೋಡೆ ಎಬ್ಬಿಸಿದರೆ ಹುಟ್ಟುವುದು ‘ಪೋರ್ಶನ್’. ಪಡಸಾಲೆ ನನ್ನದು, ಮಾಳಿಗೆ ಓನರದು. ಹಾಗಾದರೆ ಮೇಲಿಂದ ಇಳಿಯುವ ನೀರು?

ಇತಿಹಾಸ: ಭೋಗ್ಯ ಈ ಸೀಮೆಗೆ ಹೊಸದಲ್ಲ. 1800ರಲ್ಲಿ ನಿಜಾಮ ಸೈನ್ಯದ ಖರ್ಚಿಗೆಂದು ಬಳ್ಳಾರಿ ಸೀಮೆಯನ್ನೇ ಕಂಪನಿಗೆ ಬರೆದುಕೊಟ್ಟ. ಬಿಡಿಸಿಕೊಳ್ಳಲು ಮತ್ತೆ ಬರಲಿಲ್ಲ.

ಪ್ರಮಾಣ: 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ, ಮಾಲೀಕ ತಾನು ಮಾಡಿಸಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಇರುವವನೇ ಮಾಡಿಸಿ ಖರ್ಚನ್ನು ಬಡ್ಡಿಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಭಾಷ್ಯಕಾರರು ಎಡವುವುದು ಇಲ್ಲೇ. ಭೋಗ್ಯದಲ್ಲಿ ಬಾಡಿಗೆಯೇ ಇಲ್ಲ, ಮುರಿದುಕೊಳ್ಳುವುದು ಯಾತರಲ್ಲಿ? ಇದನ್ನು ಅಡಮಾನವೆಂದು ಓದಿದರೋ, 76ನೇ ಕಲಂ ಅಗತ್ಯ ರಿಪೇರಿಯನ್ನು, ಆಸ್ತಿಯ ಆದಾಯದ ಮಿತಿಯಲ್ಲಿ, ಒಳಗಿರುವವನ ತಲೆಗೇ ಕಟ್ಟುತ್ತದೆ. ನನ್ನ ಪಡಸಾಲೆಯ ಆದಾಯ ರಾತ್ರಿಗೆ ಒಂದೂವರೆ ಬಕೀಟು. 2021ರ ಮಾದರಿ ಬಾಡಿಗೆ ಕಾಯ್ದೆ ಕಟ್ಟಡದ ರಿಪೇರಿಯನ್ನು ಮಾಲೀಕನಿಗೂ ನಲ್ಲಿಯ ವಾಷರನ್ನು ಬಾಡಿಗೆದಾರನಿಗೂ ಹಂಚಿದೆ. ಆದರೆ ಮಾದರಿಯೆಂಬುದು ಅಂಗಡಿಯ ಬೊಂಬೆ ಉಟ್ಟ ಸೀರೆ. ರಾಜ್ಯ ಉಡುವ ತನಕ ನಮ್ಮ ಮೈ ಮುಚ್ಚದು.

ಪೂರ್ವಪಕ್ಷ: “ಬಳ್ಳಾರ್ಯಾಗ ಮಳಿ ಎಲ್ಲೈತ್ರಿ ಸಾರ್? ವರ್ಷಕ್ಕ ನಾಕು ಹನಿ. ಬಕೀಟು ಇಟ್ರ ಮುಗೀತು,” ಎಂಬುದು ಓನರ್ ಮತ. ಹಾಗಾದರೆ ಗಂಟು ಕೊಡಿ, ಬಿಡುತ್ತೇನೆ ಎಂದರೆ ಗಂಟು ಮಗಳ ಮದುವೆಯಲ್ಲಿ ಕರಗಿದೆ. ಅವರು ನನ್ನನ್ನು ಬಿಡಿಸಲಾರರು, ನಾನು ಬಿಟ್ಟು ಹೋಗಲಾರೆ. ಇದೇ ಭೋಗ್ಯದ ಅದ್ವೈತ.

ಶಾಖಾಭೇದ: ಸಿರುಗುಪ್ಪ, ಕುರುಗೋಡು ಕಡೆಯ ಮಣ್ಣಿನ ಮಾಳಿಗೆಗಳಿಗೆ ಮೀಮಾಂಸೆ ಬೇಕಿಲ್ಲ. ಮಳೆಗೆ ಮುಂಚೆ ಚೌಳುಮಣ್ಣು ಹರಡಿ ತುಳಿಯಬೇಕು. ಯಾರ ತಲೆ ನೆನೆಯುತ್ತದೋ ಅವರು ಬುಟ್ಟಿ ಹೊರುತ್ತಾರೆ.

ದೃಷ್ಟಾಂತ: ಬಳ್ಳಾರಿ ಕೋಟೆಯೊಳಗೆ ಬಂದು ಕೂತ ಹೈದರಾಲಿ, ಫ್ರೆಂಚ್ ಇಂಜಿನಿಯರನಿಂದ ಅದನ್ನು ಭದ್ರಪಡಿಸಿದ. ಕೆಲಸ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವೆಂದು ಕಂಡು ಇಂಜಿನಿಯರನನ್ನೇ ಗಲ್ಲಿಗೇರಿಸಿದನೆಂದು ಪ್ರತೀತಿ. ಫಲಿತಾರ್ಥ: ರಿಪೇರಿ ಯಾರದೇ ಇರಲಿ, ತಪ್ಪು ಗೌಂಡಿಯದು.

ಸಿದ್ಧಾಂತ: ಕಡೆಗೆ ಗೌಂಡಿ ಬಂದ. ಏಣಿ ಹತ್ತಿ, ಬೆರಳಲ್ಲಿ ಗಾರೆ ಕೆದಕಿದ. “ಬಿರುಕು ನಿಮ್ಮ ಪೋರ್ಶನ್ ಮ್ಯಾಗೂ ಅಲ್ಲ, ಬಾಜೂದವ್ರ ಮ್ಯಾಗೂ ಅಲ್ರಿ. ಪಾಲು ಮಾಡಾಕ ಕಟ್ಟಿದ ಗೋಡಿ ಐತಲ್ಲ, ಅದು ಮಾಳಿಗಿಗೆ ತಾಕಿದಲ್ಲೇ ಬಿಟ್ಟೈತಿ,” ಅಂದ. ನಾನು ಓನರ್ ಮುಖ ನೋಡಿದೆ, ಓನರ್ ನನ್ನ ಮುಖ ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೇ ಗೌಂಡಿಯ ಮುಖ ನೋಡಿದೆವು.

ಅವನು ಅಲ್ಲೇ ನಿಂತು, ಇಳಿಯುವ ಮುಂಚೆಯೇ ಕೂಲಿ ಕೇಳಿದ. ಈ ಊರಿನವನಲ್ಲವೇ!