ದಾಖಲೆ ಅಣ್ಣ

ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯಲ್ಲಿ ಶನಿವಾರ ಎರಡು ಕಡೆ ಜನ ಸೇರುತ್ತಾರೆ. ಶನಿಮಹಾತ್ಮನ ದೇವಸ್ಥಾನದ ಮುಂದೆ ಎಳ್ಳುಬತ್ತಿ ಹಚ್ಚುವವರ ಸಾಲು ಒಂದು. ದರ್ಶನ ಮುಗಿಸಿ ಬಂದವರು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ದಾಖಲೆ ಅಣ್ಣನ ಕೈಗೆ ಸಿಕ್ಕಿಬೀಳುವುದು ಇನ್ನೊಂದು. ಮೊದಲನೆಯ ಕಡೆ ಕಾಟ ಕಳೆಯುತ್ತದೆ ಎಂಬುದು ನಂಬಿಕೆ. ಎರಡನೆಯ ಕಡೆ ಶುರುವಾಗುತ್ತದೆ ಎಂಬುದು ಅನುಭವ.

ಅಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಪಹಣಿ ಮತ್ತು ರೇಷನ್ ಕಾರ್ಡು ಬಿಟ್ಟರೆ ಅದು ಎಲ್ಲಿಯೂ ಚಲಾವಣೆಯಲ್ಲಿಲ್ಲ. ಹುಟ್ಟಾ ರೈತ, ಹೊಟ್ಟೆಪಾಡಿಗೆ ಸೈಟ್ ಬ್ರೋಕರ್, ಮಿಕ್ಕ ಹೊತ್ತೆಲ್ಲ ಆಟದ ಪಂಡಿತ. ಮಡಚಿ ಕಟ್ಟಿದ ಪಂಚೆಯ ಮೇಲೆ ಆರ್‌ಸಿಬಿಯ ಕೆಂಪು ಟೀ ಷರ್ಟು. ಬೆನ್ನಿಗೆ ಎಬಿ ಡಿವಿಲಿಯರ್ಸ್‌ನ 17ನೇ ನಂಬರು. ತೊಳೆದೂ ತೊಳೆದೂ ಅದರಲ್ಲಿ 1 ಉದುರಿಹೋಗಿ ಬರೀ 7 ಉಳಿದಿತ್ತು. ‘ಯಾಕಣ್ಣಾ, ಧೋನಿ ಕಡೆ ಸೇರ್ಕೊಂಡ್ಯಾ?’ ಎಂದು ಹುಡುಗರು ರೇಗಿಸಿದ ದಿನವೇ ಹೆಂಡತಿಯನ್ನು ಗೋಗರೆದು, ಬಿಳಿ ದಾರದಲ್ಲಿ ಒಂದು ಗೆರೆ ಹೊಲಿಸಿಕೊಂಡ. ಆಯಮ್ಮ ಅವಸರದಲ್ಲಿ ಹಾಕಿದ ಹೊಲಿಗೆ ಸ್ವಲ್ಪ ಓರೆಯಾಗಿದೆ. ದೂರದಿಂದ ನೋಡಿದವರಿಗೆ 77ರಂತೆ ಕಾಣುತ್ತದೆ.

ಅಣ್ಣನ ವಾದದ ವರಸೆ ಅರ್ಥವಾಗಬೇಕಾದರೆ ಅವನು ಸೈಟು ತೋರಿಸುವುದನ್ನು ಒಮ್ಮೆ ನೋಡಬೇಕು. ಏರ್‌ಪೋರ್ಟು ಎಷ್ಟು ದೂರ ಎಂದರೆ, ‘ಇಲ್ಲೇ ಸಾರ್, ಇಪ್ಪತ್ ನಿಮ್ಸ.’ ಯಾವ ಹೊತ್ತಿನಲ್ಲಿ, ಯಾವ ಗಾಡಿಯಲ್ಲಿ ಎಂದು ಕೇಳುವ ಗಿರಾಕಿಗೆ ಅವನು ಸೈಟೇ ತೋರಿಸುವುದಿಲ್ಲ. ‘ಈಗ ರಾಗಿ ಹೊಲ ಕಾಣ್ತದೆ, ನಾಳೆ ಇಲ್ಲಿ ಫ್ಯಾಕ್ಟ್ರಿ ಬರ್ತದೆ. ಆ ಕಡೆ ರೋಡು ಅಗಲ ಆಯ್ತದೆ. ಮೆಟ್ರೋ ಬಂದ್ರೂ ಬರಬೌದು, ಯೋಳಕಾಗಲ್ಲ.’ ಬರಬಹುದಾದ್ದನ್ನೆಲ್ಲ ಬಂದದ್ದರ ಲೆಕ್ಕಕ್ಕೆ ಸೇರಿಸಿ, ಇರುವುದರ ಬೆಲೆ ಏರಿಸುವ ಈ ವಿದ್ಯೆಯನ್ನು ಅವನು ಆಟಗಾರರ ಮೇಲೂ ಪ್ರಯೋಗಿಸುತ್ತಾನೆ.

ಹಾಗೆ ನೋಡಿದರೆ ಎಬಿಡಿಯನ್ನು ಹೊಗಳುವುದಕ್ಕೆ ಸುಳ್ಳಿನ ಹಂಗೇ ಬೇಕಿಲ್ಲ. 2015ರ ಜನವರಿ 18ರಂದು ಜೋಹಾನ್ಸ್‌ಬರ್ಗಿನಲ್ಲಿ ವೆಸ್ಟ್ ಇಂಡೀಸ್ ಮೇಲೆ 31 ಎಸೆತಕ್ಕೆ ನೂರು ಬಾರಿಸಿದವನು. ಅಂತಾರಾಷ್ಟ್ರೀಯ ಏಕದಿನ ಪಂದ್ಯದಲ್ಲಿ ಅದಕ್ಕಿಂತ ಬೇಗ ಯಾರೂ ನೂರು ಮುಟ್ಟಿಲ್ಲ. 2016ರ ಮೇ 14ರಂದು ಚಿನ್ನಸ್ವಾಮಿಯಲ್ಲಿ ಗುಜರಾತ್ ಲಯನ್ಸ್ ಎದುರು 52 ಎಸೆತಕ್ಕೆ 129, ಅದೂ ಔಟಾಗದೆ. ಆ ಕಡೆ ತುದಿಯಲ್ಲಿ ಕೊಹ್ಲಿ 109. ಇಬ್ಬರೂ ಸೇರಿ ಪೇರಿಸಿದ್ದು 229. ತನ್ನ ನೂರನೇ ಟೆಸ್ಟ್ ಆಡಲು 2015ರ ನವೆಂಬರಿನಲ್ಲಿ ಅವನು ಬೆಂಗಳೂರಿಗೇ ಬಂದಾಗ, ಇವನು ಎದುರಾಳಿ ಎಂಬುದನ್ನೂ ಮರೆತು ನಮ್ಮ ಜನ ‘ಎಬಿಡಿ, ಎಬಿಡಿ’ ಎಂದು ಗಂಟಲು ಹರಿದುಕೊಂಡರು. ಅವನು 85 ಹೊಡೆದ. ಮಿಕ್ಕ ನಾಲ್ಕು ದಿನ ಮಳೆ ಆಡಿತು.

ಇಷ್ಟು ಸಾಲದೇ? ಅಣ್ಣನಿಗೆ ಸಾಲದು. ಸೈಟು ಎಷ್ಟೇ ಚೆನ್ನಾಗಿರಲಿ, ‘ಈಶಾನ್ಯ ಮೂಲೆಗೆ ನೀರು’ ಎಂದು ಸೇರಿಸದೆ ಅವನಿಗೆ ನಿದ್ದೆ ಬಾರದು.

ಎಬಿಡಿಗೆ ಅವನು ಹೀಗೆ ಸೇರಿಸುವ ಪಟ್ಟಿ ನಿಮ್ಮ ಫೋನಿಗೂ ಒಂದಲ್ಲ ಒಂದು ದಿನ ಬಂದಿರುತ್ತದೆ. ಎಬಿಡಿ ದಕ್ಷಿಣ ಆಫ್ರಿಕಾದ ಜೂನಿಯರ್ ಹಾಕಿ ತಂಡಕ್ಕೆ ಆಯ್ಕೆಯಾಗುವುದರಲ್ಲಿದ್ದ. ಜೂನಿಯರ್ ರಗ್ಬಿ ತಂಡಕ್ಕೆ ಕ್ಯಾಪ್ಟನ್. ಈಜಿನಲ್ಲಿ ಆರು ದಾಖಲೆ. ಓಟದಲ್ಲಿ ನೂರು ಮೀಟರಿನ ದಾಖಲೆ. ಬ್ಯಾಡ್ಮಿಂಟನ್‌ನಲ್ಲಿ ಚಾಂಪಿಯನ್. ಟೆನಿಸ್, ಗಾಲ್ಫ್, ಫುಟ್‌ಬಾಲ್ ಯಾವುದೂ ಬಾಕಿಯಿಲ್ಲ. ಕೊನೆಗೆ ವಿಜ್ಞಾನದ ಪ್ರಾಜೆಕ್ಟಿಗೆ ನೆಲ್ಸನ್ ಮಂಡೇಲಾ ಕೈಯಿಂದ ಪದಕ. ಇದನ್ನು ಅಣ್ಣ ಎದ್ದುನಿಂತೇ ಹೇಳುತ್ತಾನೆ. ವಿಜ್ಞಾನದ ಪದಕದ ಹೊತ್ತಿಗೆ ಅವನ ಸ್ವರ ಮಂಗಳಾರತಿಯ ಮಟ್ಟಕ್ಕೆ ಏರಿರುತ್ತದೆ. ಬೈ-ಟು ಟೀ ಕುಡಿಯುತ್ತಿದ್ದ ಹೊರ ಊರಿನ ಭಕ್ತರು ‘ಹೌದಾ!’ ಎನ್ನುತ್ತಾರೆ. ಆ ಒಂದು ‘ಹೌದಾ’ ಸಾಕು, ಅಣ್ಣ ಇನ್ನೊಂದು ಟೀ ಹೇಳುತ್ತಾನೆ. ದುಡ್ಡು ಕೊಡುವುದು ‘ಹೌದಾ’ ಎಂದವರೇ.

ಇದಕ್ಕೆ ಊರಿನಲ್ಲಿ ಎದುರಾಳಿಗಳು ಇಲ್ಲವೆಂದಲ್ಲ. ದೊಡ್ಡಬಳ್ಳಾಪುರದಲ್ಲಿ ಡಿಗ್ರಿ ಓದುವ ಹುಡುಗನೊಬ್ಬ ಒಂದು ಶನಿವಾರ ಫೋನು ಹಿಡಿದುಕೊಂಡು ಸಿದ್ಧನಾಗಿಯೇ ಬಂದ. ‘ಅಣ್ಣಾ, 2016ರಲ್ಲಿ ಎಬಿಡಿ ಆತ್ಮಕಥೆ ಬರ್ದವ್ನೆ. ಈ ಪಟ್ಟಿ ಇಟ್ಕೊಂಡು ಒಂದೊಂದಕ್ಕೂ ಅವ್ನೇ ಉತ್ರ ಕೊಟ್ಟವ್ನೆ, ಕೇಳು’ ಎಂದು ಶುರುಮಾಡಿದ. ಹಾಕಿ ಆಡಿದ್ದು ಹೈಸ್ಕೂಲಿನಲ್ಲಿ ಒಂದು ವರ್ಷ, ದೇಶದ ತಂಡದ ಹತ್ತಿರಕ್ಕೂ ಹೋಗಿಲ್ಲ. ರಗ್ಬಿ ಆಡಿದ್ದುಂಟು, ದೇಶದ ತಂಡಕ್ಕೆ ಕ್ಯಾಪ್ಟನ್ ಆಗಿಲ್ಲ. ಬ್ಯಾಡ್ಮಿಂಟನ್ ಪಂದ್ಯ ಎಂಬುದನ್ನೇ ಆಡಿಲ್ಲ. ಈಜಿನಲ್ಲಿ ಇದ್ದದ್ದು ಒಂದೇ ದಾಖಲೆ, ಪ್ರೈಮರಿ ಸ್ಕೂಲಿನಲ್ಲಿ, ಒಂಬತ್ತು ವರ್ಷದೊಳಗಿನ ಮಕ್ಕಳ ವಿಭಾಗದಲ್ಲಿ. ವಿಜ್ಞಾನದ ಪದಕವೂ ಇಲ್ಲ.

ಬೆಂಚಿನ ಮೇಲಿದ್ದವರೆಲ್ಲ ಅಣ್ಣನ ಮುಖ ನೋಡಿದರು. ಅಣ್ಣ ಬೀಡಿ ಆರಿಸಿ, ಕಿವಿಯ ಮೇಲೆ ಸಿಕ್ಕಿಸಿಕೊಂಡು, ಹುಡುಗನ ಹೆಗಲ ಮೇಲೆ ಕೈಯಿಟ್ಟ.

‘ದೊಡ್ಡೋರು ತಮ್ ಬಗ್ಗೆ ತಾವೇ ಯೋಳ್ಕೊಳಲ್ಲ ಕಣ್ಲಾ. ಅದುಕ್ಕೆ ವಿನಯ ಅಂತಾರೆ. ಬರ್ಕೊ, ವಿನಯದಲ್ಲೂ ಅವ್ನೇ ಫಸ್ಟು.’

ಪಟ್ಟಿಗೆ ಇನ್ನೊಂದು ಸಾಲು ಸೇರಿತು. ಹುಡುಗ ಅಂದಿನಿಂದ ದೇವಸ್ಥಾನದ ಹಿಂದಿನ ಅಂಗಡಿಗೆ ಟೀ ಬದಲಾಯಿಸಿದ್ದಾನೆ.

ಅಣ್ಣ ತಕ್ಕಮಟ್ಟಿಗೆ ಮರ್ಯಾದೆ ಕೊಡುವುದು ನಿವೃತ್ತ ಪಿ.ಟಿ. ಮೇಷ್ಟ್ರಿಗೆ ಮಾತ್ರ, ಅವನಿಗೆ ಕಬಡ್ಡಿ ಕಲಿಸಿದವರೂ, ಹೋಂವರ್ಕ್ ಮಾಡದ್ದಕ್ಕೆ ಗ್ರೌಂಡ್ ಸುತ್ತಿಸಿದವರೂ ಅವರೇ. ಹುಟ್ಟಿನಿಂದ ಬಂದ ಪ್ರತಿಭೆ ಎಂಬ ಮಾತು ಕಿವಿಗೆ ಬಿದ್ದರೆ ಮೇಷ್ಟ್ರಿಗೆ ಮೈ ಉರಿಯುತ್ತದೆ.

‘ಅಲ್ಲಯ್ಯಾ, ಅವನು ಸಿಕ್ಸರ್ ಹೊಡೆದದ್ದನ್ನೇ ಹೇಳ್ತೀಯಲ್ಲ. 2012ರಲ್ಲಿ ಅಡಿಲೇಡ್‌ನಲ್ಲಿ ಮ್ಯಾಚ್ ಉಳಿಸ್ಕೊಳ್ಳೋಕೆ 220 ಬಾಲ್ ಆಡಿ 33 ಮಾಡಿದ. 2015ರಲ್ಲಿ ಡೆಲ್ಲಿಯಲ್ಲಿ ನಮ್ಮವರ ಎದುರಿಗೆ 297 ಬಾಲ್ ಆಡಿ 43. ಅದು ಹುಟ್ಟಿನಿಂದ ಬಂದದ್ದೇನಯ್ಯಾ?’

‘ಅಂಗಲ್ಲ ಮೇಷ್ಟ್ರೆ, ಅವತ್ತು ಅವ್ನು ಹೊಡೀಬಾರ್ದು ಅಂತ ಮನಸ್ ಮಾಡಿದ್ದ. ಮನಸ್ ಮಾಡಿದ್ರೆ 298ನೇ ಬಾಲ್‌ನ ಕುತುಬ್ ಮಿನಾರ್ ಮೇಲೆ ಹಾಕ್ತಿದ್ದ.’

ಇಲ್ಲಿ ನಾನು ಮೇಷ್ಟ್ರ ಕಡೆ. ಹೊಡೆಯುವ ಕೈ ದೇವರು ಕೊಟ್ಟದ್ದಿರಬಹುದು. ಹೊಡೆಯದೆ 297 ಎಸೆತ ನಿಲ್ಲುವ ಕಾಲು ಮಾತ್ರ ಬೆವರು ಸುರಿಸಿ ಸಂಪಾದಿಸಿದ್ದು. ಆದರೆ ‘ಮನಸ್ಸು ಮಾಡಿದ್ರೆ’ ಎಂಬ ಅಸ್ತ್ರಕ್ಕೆ ಎದುರು ಅಸ್ತ್ರ ಯಾರ ಬತ್ತಳಿಕೆಯಲ್ಲೂ ಇಲ್ಲ. ಈ ಸೀಮೆಯ ಪ್ರತಿ ಊರಿನಲ್ಲೂ ಮನಸ್ಸು ಮಾಡದೆ ಉಳಿದ ಒಬ್ಬ ಮಹಾನ್ ಆಟಗಾರ ಇದ್ದಾನೆ. ಕಬಡ್ಡಿಯಲ್ಲಿ ಅವನನ್ನು ಹಿಡಿಯುವವರಿರಲಿಲ್ಲ, ವಾಲಿಬಾಲ್‌ನಲ್ಲಿ ತಡೆಯುವವರಿರಲಿಲ್ಲ, ಜಾತ್ರೆಯಲ್ಲಿ ಗುಂಡುಕಲ್ಲು ಎತ್ತಿದರೆ ಎಣಿಸುವವರಿರಲಿಲ್ಲ. ಎಲ್ಲರಿಗೂ ಒಂದೇ ಕಡೆ ಪೆಟ್ಟಾಗಿರುತ್ತದೆ, ಮೊಣಕಾಲಿಗೆ. ಮಧುರೆಯಲ್ಲಿ ಆ ಮೊಣಕಾಲು ಅಣ್ಣನದು. ಎಬಿಡಿಯ ಕಥೆ ಹೇಳುತ್ತಾ ಹೇಳುತ್ತಾ ಅವನು ಪಂಚೆ ಸ್ವಲ್ಪ ಮೇಲೆತ್ತಿ ಆ ಮೊಣಕಾಲನ್ನು ತೋರಿಸುವುದುಂಟು. ಅಲ್ಲಿ ಏನೂ ಕಾಣುವುದಿಲ್ಲ. ‘ಒಳಗಡೆ’ ಎನ್ನುತ್ತಾನೆ.

ಎರಡೆರಡು ಆಟ ಬಲ್ಲವನ ಪಾಡು ಏನಾಗುತ್ತದೆ ಎಂಬುದಕ್ಕೆ ಮೇಷ್ಟ್ರು ಹೇಳುವ ಕಥೆ ಬೇರೆ. ಮದ್ರಾಸಿನ ಎಂ.ಜೆ. ಗೋಪಾಲನ್ ಕ್ರಿಕೆಟ್, ಹಾಕಿ ಎರಡರಲ್ಲೂ ಎತ್ತಿದ ಕೈ. 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ರಣಜಿ ಟ್ರೋಫಿ ಶುರುವಾದಾಗ ಮೊಟ್ಟಮೊದಲ ಚೆಂಡು ಎಸೆದದ್ದು ಅವರೇ. ಎದುರಿಗಿದ್ದದ್ದು ನಮ್ಮ ಮೈಸೂರು ತಂಡ. ನಮ್ಮವರು ಒಂದು ಸಲ 48ಕ್ಕೆ, ಇನ್ನೊಂದು ಸಲ 59ಕ್ಕೆ ಮುದುರಿಕೊಂಡು, ಒಂದೇ ದಿನದಲ್ಲಿ ಮ್ಯಾಚು ಮುಗಿಸಿ ಎದುರಾಳಿಗಳಿಗೂ ಬಿಡುವು ಮಾಡಿಕೊಟ್ಟರು. 1936ರಲ್ಲಿ ಗೋಪಾಲನ್ ಮುಂದೆ ಎರಡು ದಾರಿ: ಕ್ರಿಕೆಟ್ ತಂಡದ ಜೊತೆ ಇಂಗ್ಲೆಂಡ್, ಇಲ್ಲವೇ ಧ್ಯಾನ್‌ಚಂದ್ ಜೊತೆ ಬರ್ಲಿನ್ ಒಲಿಂಪಿಕ್ಸ್. ಅವರು ಇಂಗ್ಲೆಂಡಿನ ಹಡಗು ಹತ್ತಿದರು. ಅಲ್ಲಿ ಒಂದು ಟೆಸ್ಟಿನಲ್ಲೂ ಆಡಿಸಲಿಲ್ಲ. ಇತ್ತ ಹಾಕಿ ತಂಡ ಬರ್ಲಿನ್‌ನಿಂದ ಚಿನ್ನ ತಂದಿತು.

ಮೇಷ್ಟ್ರು ಈ ಕಥೆ ಮುಗಿಸಿದಾಗ ಬೆಂಚು ಒಂದು ಗಳಿಗೆ ಸುಮ್ಮನಾಗುತ್ತದೆ. ಅಣ್ಣ ಮಾತ್ರ ಬ್ರೋಕರನ ಕಣ್ಣಿನಿಂದ ನೋಡುತ್ತಾನೆ. ‘ತಪ್ಪು ಲೇಔಟ್‌ಗೆ ಅಡ್ವಾನ್ಸ್ ಕೊಟ್ಬುಟ್ರು, ಪಾಪ.’

ವಾದಕ್ಕೆ ಹೊಸ ತಿರುವು ಬಂದದ್ದು ಟೀ ಅಂಗಡಿಯವರ ಮಗಳಿಂದ. ಪಿಯುಸಿ ಓದುತ್ತಾಳೆ, ಖೋಖೋ ಆಡುತ್ತಾಳೆ, ರಜೆಯ ದಿನ ಗಲ್ಲದಲ್ಲಿ ಕೂತು ಯಾರ ಫೋನ್‌ಪೇ ಬಂತು, ಯಾರದು ಬರಲಿಲ್ಲ ಎಂದು ನೋಡುತ್ತಾಳೆ. ಅಣ್ಣ ಪಟ್ಟಿಯನ್ನು ಈಜಿನವರೆಗೆ ತಂದಿದ್ದ. ಅವಳು ಲೋಟ ಕೆಳಗಿಟ್ಟು ಕೇಳಿದಳು:

‘ಅಣ್ಣಾ, ಎಬಿಡಿ ಎಷ್ಟು ಆಟದಲ್ಲಿ ವರ್ಲ್ಡ್ ಕಪ್ ಆಡವ್ನೆ?’

‘ಕ್ರಿಕೆಟ್‌ನಲ್ಲಿ ಆಡವ್ನಲ್ಲವ್ವಾ.’

‘ಅದು ಒಂದಾಯ್ತು. ಎರಡು ಆಟದಲ್ಲಿ ಆಡಿರೋರು ನಮ್ ಆರ್‌ಸಿಬಿಲೇ ಅವ್ರೆ. ಗೊತ್ತಾ?’

ಅಣ್ಣ ಮೇಲೆ ನೋಡಿದ, ಮೇಷ್ಟ್ರ ಕಡೆ ನೋಡಿದ, ಜಾಂಟಿ ರೋಡ್ಸ್ ಎಂದ. 1992ರ ಒಲಿಂಪಿಕ್ಸ್ ಹೊತ್ತಿಗೆ ಜಾಂಟಿ ದಕ್ಷಿಣ ಆಫ್ರಿಕಾದ ಹಾಕಿ ತಂಡದ ಪಟ್ಟಿಯಲ್ಲಿದ್ದ, ಆದರೆ ತಂಡಕ್ಕೇ ಅರ್ಹತೆ ಸಿಗಲಿಲ್ಲ ಎಂದು ಮೇಷ್ಟ್ರು ತಿದ್ದಿದರು. ಜಾಂಟಿ ಆರ್‌ಸಿಬಿಗೆ ಆಡಿಯೂ ಇಲ್ಲ ಎಂದು ಹುಡುಗಿ ತಿದ್ದಿದಳು. ಆಮೇಲೆ ಅವಳೇ ಹೇಳಿದಳು: ಎಲಿಸ್ ಪೆರ್ರಿ.

ಇದರಲ್ಲಿ ಸೇರಿಸುವುದಕ್ಕೂ ತೆಗೆಯುವುದಕ್ಕೂ ಏನಿಲ್ಲ. ಸಿಡ್ನಿಯ ಈ ಹೆಣ್ಣುಮಗಳು 2007ರಲ್ಲಿ, ಹದಿನಾರನೇ ವಯಸ್ಸಿಗೆ, ಎರಡೇ ವಾರದ ಅಂತರದಲ್ಲಿ ಆಸ್ಟ್ರೇಲಿಯಾದ ಕ್ರಿಕೆಟ್ ತಂಡಕ್ಕೂ ಫುಟ್‌ಬಾಲ್ ತಂಡಕ್ಕೂ ಆಡಿದಳು. ಹಾಂಗ್‌ಕಾಂಗ್ ಎದುರಿನ ಮೊದಲ ಫುಟ್‌ಬಾಲ್ ಪಂದ್ಯದಲ್ಲೇ ಗೋಲು. 2009ರಲ್ಲಿ ಕ್ರಿಕೆಟ್ ವಿಶ್ವಕಪ್, 2011ರಲ್ಲಿ ಜರ್ಮನಿಯಲ್ಲಿ ಫುಟ್‌ಬಾಲ್ ವಿಶ್ವಕಪ್. ಅಲ್ಲಿ ಸ್ವೀಡನ್ ಎದುರಿನ ಕ್ವಾರ್ಟರ್ ಫೈನಲ್‌ನಲ್ಲಿ ಇನ್ನೊಂದು ಗೋಲು. ಕೊನೆಗೆ ಕ್ರಿಕೆಟ್ಟನ್ನೇ ಹಿಡಿದಳು. 2017ರಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟಿನಲ್ಲಿ ಔಟಾಗದೆ 213. 2024ರ ಡಬ್ಲ್ಯುಪಿಎಲ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 347 ರನ್. ಮುಂಬೈ ಎದುರು 15 ರನ್ ಕೊಟ್ಟು ಆರು ವಿಕೆಟ್. ಆ ವರ್ಷದ ಮಾರ್ಚ್ 17ರಂದು ಡೆಲ್ಲಿಯಲ್ಲಿ ಆರ್‌ಸಿಬಿಯ ಹೆಂಗಸರು ಕಪ್ಪು ಗೆದ್ದರು. ‘ಈ ಸಲ ಕಪ್ ನಮ್ದೇ’ ಎಂದು ಹದಿನಾರು ಸಲ ಕೂಗಿ ಕೂತಿದ್ದ ಫ್ರಾಂಚೈಸಿಗೆ ಸಿಕ್ಕ ಮೊಟ್ಟಮೊದಲ ಕಪ್ಪು ಅದೇ. ಎಬಿಡಿ 2011ರಿಂದ 2021ರವರೆಗೆ ಆಡಿಯೂ ಅವನ ಕೈಗೆ ಅದು ದಕ್ಕಲಿಲ್ಲ. ಈ ಕೊನೆಯ ಮಾತನ್ನು ಹುಡುಗಿ ಸ್ವಲ್ಪ ಮೆಲ್ಲಗೇ ಹೇಳಿದಳು, ಅಣ್ಣನ ಟೀ ಷರ್ಟಿನ ಮೇಲಿನ ಗೌರವಕ್ಕೆ.

‘ಯಾವ ಪೆರ್ರಿ? ಆ ಕಾರಿನ ಗಾಜು ಒಡ್ದಾಕಿದ್ಳಲ್ಲ, ಅವ್ಳಾ?’ ಎಂದ ಅಣ್ಣ.

ಅವಳೇ. 2024ರ ಮಾರ್ಚ್ 4ರಂದು ಚಿನ್ನಸ್ವಾಮಿಯಲ್ಲಿ ಯುಪಿ ವಾರಿಯರ್ಸ್ ಎದುರು ಅವಳು ಎತ್ತಿದ ಸಿಕ್ಸರು ಗ್ರೌಂಡಿನ ಅಂಚಿನಲ್ಲಿ ಪ್ರದರ್ಶನಕ್ಕಿಟ್ಟಿದ್ದ ಟಾಟಾ ಪಂಚ್ ಕಾರಿನ ಕಿಟಕಿ ಒಡೆಯಿತು. ಆಮೇಲೆ ಆ ಗಾಜಿನ ಚೂರುಗಳಿಗೇ ಕಟ್ಟು ಹಾಕಿಸಿ ಅವಳಿಗೆ ಉಡುಗೊರೆ ಕೊಟ್ಟರು. ಮಧುರೆಯಿಂದ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟಬಹುದಾದ ಮೈದಾನದಲ್ಲಿ, ಪಟ್ಟಿಗಿಪಟ್ಟಿ ಏನೂ ಬೇಡದ ಆಟಗಾರ್ತಿ ಆಡುತ್ತಿದ್ದ ದಿನ ಅದು. ಇವರೆಲ್ಲ ಇಲ್ಲಿ ಕೂತು ದಕ್ಷಿಣ ಆಫ್ರಿಕಾದ ಒಂದು ಪ್ರೈಮರಿ ಸ್ಕೂಲಿನ ಈಜುಕೊಳದಲ್ಲಿ ಮುಳುಗಿದ್ದರು. ಹುಡುಗಿಗೆ ಅಂದು ಕಾಲೇಜಿತ್ತಂತೆ; ಇಲ್ಲದಿದ್ದರೆ ತಾನು ಹೋಗಿಯೇ ಹೋಗುತ್ತಿದ್ದೆ ಎಂದಳು. ಆ ಮಾತಿನಲ್ಲಿ ಯಾವ ಮೊಣಕಾಲೂ ಇರಲಿಲ್ಲ.

ಅಣ್ಣ ಸೋಲು ಒಪ್ಪಿಕೊಂಡ ಎಂದು ನೀವು ತಿಳಿದರೆ ಅವನ ಕಸುಬನ್ನು ಮರೆತಿದ್ದೀರಿ. ಗಿರಾಕಿಗೆ ಈ ಸೈಟು ಬೇಡವಾದರೆ ಪಕ್ಕದ ಸೈಟು. ಹೊಗಳಿಕೆ ಅದೇ, ನಂಬರು ಮಾತ್ರ ಬೇರೆ. ‘ಎರಡೇನವ್ವಾ ಮಹಾ?’ ಎಂದ. ‘ಎರಡು ವರ್ಲ್ಡ್ ಕಪ್ ಆಡಿರೋಳು ಅಂದ್ಮೇಲೆ ಈಜೂ ಬಂದಿರ್ತದೆ. ಸಿಡ್ನಿಲಿ ಸಮುದ್ರ ಇಲ್ವಾ? ಓಟ ಅಂತೂ ಇದ್ದೇ ಇರ್ತದೆ. ಟೆನಿಸ್ ಯಾರಿಗ್ ಬರಲ್ಲ ಅಲ್ಲಿ?’ ಹುಡುಗಿ ತಲೆ ಚಚ್ಚಿಕೊಂಡು ಗಲ್ಲಕ್ಕೆ ಹೋದಳು. ಮೇಷ್ಟ್ರು ಚಪ್ಪಲಿ ಹುಡುಕಿದರು. ಅಣ್ಣ ಬೆಂಚಿನ ತುದಿಗೆ ಸರಿದು, ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಒಂದೇ ಬೆರಳಿನಲ್ಲಿ ಕುಟ್ಟತೊಡಗಿದ.

ಓದುಗರಲ್ಲಿ ನನ್ನದೊಂದು ವಿನಂತಿ. ಎಲಿಸ್ ಪೆರ್ರಿ ಈಜಿನಲ್ಲಿ ಆರು ದಾಖಲೆ ಮಾಡಿದ್ದಾಳೆ, ಬ್ಯಾಡ್ಮಿಂಟನ್ ಚಾಂಪಿಯನ್, ವಿಜ್ಞಾನದಲ್ಲಿ ಪದಕ ಬಂದಿದೆ ಎಂಬ ಸಂದೇಶ ಇನ್ನು ಮುಂದೆ ನಿಮಗೆ ಬಂದರೆ, ಅದು ಹೊರಟದ್ದು ಮಧುರೆಯ ಟೀ ಅಂಗಡಿಯಿಂದ. ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಕೊನೆಯ ಸಾಲಿನಲ್ಲಿ ಸೈಟು ಬೇಕಾದವರಿಗೆ ಅಣ್ಣನ ಫೋನ್ ನಂಬರೂ ಇರುತ್ತದೆ.