ಬಿಸಿನೀರು ಬಿಟ್ಟಿ, ತಣ್ಣೀರಿಗೆ ಕಾಸು

ತಿಪಟೂರು ತಾಲ್ಲೂಕಿನ ನಮ್ಮ ಹಾಲ್ಕುರಿಕೆಯಲ್ಲಿ ಯಾವುದಕ್ಕೆ ಬರ ಬಂದರೂ ಬಿಸಿನೀರಿಗೆ ಬರ ಬಂದದ್ದಿಲ್ಲ. ಸೌದೆ ಇಲ್ಲಿ ಮೇಲಿನಿಂದಲೇ ಉದುರುತ್ತದೆ. ತೆಂಗಿನ ಗರಿ ಬೀಳುತ್ತದೆ, ಕುರುಂಬಾಳೆ ಬೀಳುತ್ತದೆ, ಎಡಮಟ್ಟೆ ಬೀಳುತ್ತದೆ. ತಲೆಯ ಮೇಲೆ ಬೀಳದಿದ್ದರೆ ಸಾಕು, ಎಲ್ಲವೂ ಬಚ್ಚಲ ಒಲೆಗೇ. ಮೊದಲು ಸಿಪ್ಪೆ, ಚಿಪ್ಪುಗಳನ್ನೂ ಉರಿಸುತ್ತಿದ್ದೆವು. ಈಗ ಸಿಪ್ಪೆಗೆ ನಾರಿನ ಫ್ಯಾಕ್ಟರಿಯವರು, ಚಿಪ್ಪಿಗೆ ಇದ್ದಿಲಿನವರು ಗಾಡಿ ತರುವುದರಿಂದ ಅವೆರಡೂ ಒಲೆಯ ಕೈತಪ್ಪಿವೆ. ಆದರೂ ಹಂಡೆಯ ಮರ್ಯಾದೆ ಕಡಿಮೆಯಾಗಿಲ್ಲ. ಬಾಣಂತಿಗೆ ಹಂಡೆ, ಮಳೆಯಲ್ಲಿ ನೆನೆದು ಬಂದವನಿಗೆ ಹಂಡೆ, ನೀರು ತುಂಬುವ ಹಬ್ಬದಲ್ಲಂತೂ ಹಂಡೆಗೇ ಸುಣ್ಣದ ಪಟ್ಟೆ, ಕೊರಳಿಗೆ ಬಳ್ಳಿ. ಸೊಂಟ ಹಿಡಿದರೆ ಅದರಲ್ಲೇ ಲಕ್ಕಿ ಸೊಪ್ಪೋ ಹುಣಸೆ ಸೊಪ್ಪೋ ಹಾಕಿ ಕುದಿಸಿ, ಚೆಂಬಿನಲ್ಲಿ ಮೊಗೆದು ಬೆನ್ನಿಗೆ ರಪ್ಪನೆ ಎರಚುತ್ತಾರೆ. ನೋವು ನಿಜವಾಗಿ ಹೋಯಿತೋ, ಇನ್ನೊಂದು ಚೆಂಬು ಬಿದ್ದೀತೆಂದು ಹೆದರಿ ಹೋಯಿತು ಅಂದೆವೋ, ವಿಚಾರಿಸಿದವರಿಲ್ಲ.

ಇಂಥ ಊರಿನಲ್ಲಿ ನನಗೆ ತಣ್ಣೀರು ಬೇಕಾಯಿತು.

ಅಟ್ಟಕ್ಕೆ ಕಾಯಿ ಏರಿಸಿದ ಮೇಲೆ ಹಿಮ್ಮಡಿ ಹಿಡಿದುಕೊಂಡಿತು. ಕೊಬ್ಬರಿಯಾಗಬೇಕಾದರೆ ಇಡೀ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿರಬೇಕು. ಒಳಗಿನ ನೀರೆಲ್ಲ ಬತ್ತಿ, ಗಿಟುಕು ಚಿಪ್ಪು ಬಿಟ್ಟು ಗಡಗಡ ಅನ್ನಬೇಕು. ಕಾಯಿಗೆ ಅಷ್ಟು ದಿನ ಮಲಗುವ ಯೋಗವುಂಟು, ಏರಿಸಿದವನಿಗಿಲ್ಲ. ತಿಪಟೂರಿನಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿ ನನ್ನ ಪಾದವನ್ನು ಅತ್ತ ಇತ್ತ ತಿರುಗಿಸಿ, “ಎರಡು ಬಕೆಟ್ ಇಟ್ಕೊಳ್ಳಿ ಸಾರ್. ಬಿಸೀಲಿ ಮೂರು ನಿಮಿಷ, ತಣ್ಣಗಿರೋದ್ರಲ್ಲಿ ಒಂದು ನಿಮಿಷ. ಹಿಂಗೇ ನಾಲ್ಕೈದು ಸುತ್ತು. ಕೊನೇಗೆ ತಣ್ಣೀರಲ್ಲಿ ಮುಗಿಸಿ” ಅಂದಳು. ಬಿಸಿಗೆ ರಕ್ತನಾಳ ಹಿಗ್ಗುತ್ತದೆ, ಥಂಡಿಗೆ ಕುಗ್ಗುತ್ತದೆ, ಎರಡನ್ನೂ ಸರದಿಯಲ್ಲಿ ಮಾಡಿಸಿದರೆ ಊತ, ನೋವು ಇಳಿಯುತ್ತವೆ ಎಂಬುದು ಇದರ ಲೆಕ್ಕಾಚಾರ. ಬಿಸಿ 38ರಿಂದ 40 ಡಿಗ್ರಿ, ತಣ್ಣಗಿನದು 10ರಿಂದ 15.

ಬಿಸಿಯದೇನೂ ತೊಂದರೆಯಿಲ್ಲ, ಹಂಡೆಯಿದೆ. 15 ಡಿಗ್ರಿಯ ನೀರನ್ನು ಎಲ್ಲಿಂದ ತರುವುದು? ಬೋರ್‌ವೆಲ್‌ನಿಂದ ಬರುವುದು ಉಗುರುಬೆಚ್ಚಗಿನ ನೀರು. ಆಳಕ್ಕಿಳಿದಂತೆ ಭೂಮಿಯ ಶಾಖ ಏರುತ್ತದೆ, ನಾವು ನೀರು ಹುಡುಕಿಕೊಂಡು ಸಾವಿರ ಅಡಿಯ ಆಸುಪಾಸು ಇಳಿದಿದ್ದೇವೆ. ಇನ್ನೂ ಸ್ವಲ್ಪ ಕೊರೆದರೆ ನೇರ ಕಾಫಿಗೇ ಆಗುತ್ತದೇನೋ. ತಾರಸಿಯ ಸಿಂಟೆಕ್ಸ್ ನೀರಂತೂ ಮಧ್ಯಾಹ್ನದ ಬಿಸಿಲಿಗೆ ಹಂಡೆಯ ಜೊತೆ ಪೈಪೋಟಿಗೆ ಬೀಳುತ್ತದೆ. ಉಳಿದದ್ದು ಫ್ರಿಜ್. ಅದರೊಳಗೆ ಮೊಸರು, ದೋಸೆ ಹಿಟ್ಟು, ಮಲ್ಲಿಗೆ ಮೊಗ್ಗು. ಇಷ್ಟರ ನಡುವೆ ನನ್ನ ಹಿಮ್ಮಡಿಗೆಂದು ಸಿಕ್ಕಿದ್ದು ಒಂದು ಐಸ್ ಟ್ರೇ. ಅಷ್ಟನ್ನೂ ಬಕೆಟ್ಟಿಗೆ ಸುರಿದೆ. ಕಾಲು ಇಡುವಷ್ಟರಲ್ಲಿ ಕರಗಿ ಮಾಯ.

ಕೊನೆಗೆ ಮೀನಿನವನ ಹತ್ತಿರ ಹೋದೆ. ಹುಟ್ಟಿದಂದಿನಿಂದ ಮೀನು ಮುಟ್ಟದ ಮನೆತನ ನಮ್ಮದು. “ಎಷ್ಟು ಕೇಜಿ ಸ್ವಾಮಿ, ಕಾಟ್ಲಾ ಒಳ್ಳೇದೈತೆ” ಅಂದ. “ಐಸು ಕೊಡಪ್ಪಾ, ಐಸು ಮಾತ್ರ” ಅಂದೆ. ಅವನು ಕಣ್ಣು ಮಿಟುಕಿಸಿ, ಕಪ್ಪು ಕವರಿಗೆ ಹಾಕಿ, ಗಂಟು ಬಿಗಿದು ಕೊಟ್ಟ. ಬರಿಯ ಐಸಿಗೆ ಕಪ್ಪು ಕವರು ಬೇಕಿರಲಿಲ್ಲ. ನಾನು ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಜಗುಲಿಯ ಮೇಲೆ ಎರಡು ಬಕೆಟ್ ಇಟ್ಟು ಕುಳಿತೆ, ಎದುರಿಗೆ ಪಕ್ಕದ ಮನೆಯ ಬೆಕ್ಕು ಬಂದು ಕುಳಿತಿತು. ಬಿಸಿ ಬಕೆಟ್ಟಿನಲ್ಲಿ ಕಾಲಿದ್ದಾಗ ಅದಕ್ಕೆ ಆಸಕ್ತಿಯಿಲ್ಲ, ಬಾಲ ನೆಕ್ಕುತ್ತಿರುತ್ತದೆ. ಕಾಲು ಐಸಿನ ಬಕೆಟ್ಟಿಗೆ ಹೋದದ್ದೇ ತಡ, ಎದ್ದು ಬಂದು ಅಂಚಿಗೆ ಮೂಗಿಟ್ಟು, ನನ್ನ ಹೆಬ್ಬೆರಳನ್ನೇ ದಿಟ್ಟಿಸುತ್ತದೆ. ಆ ಒಂದು ನಿಮಿಷದಷ್ಟು ದೀರ್ಘವಾದ ನಿಮಿಷ ಗಡಿಯಾರದಲ್ಲಿಲ್ಲ.

ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. “ಬಿಸೀಲಿಟ್ಟ ಕಾಲು ಥಂಡೀಗಿಡ್ತಾರೇನ್ಲಾ ಮಗಾ? ವಾಯು ಹಿಡ್ಕಂತದೆ ಕಣೋ” ಎಂದು ಹಿಂದಿನ ಬೀದಿಯ ಅಜ್ಜಿ ಗದರಿಸಿದರು. ಜರ್ಮನಿಯಲ್ಲಿ ಸೆಬಾಸ್ಟಿಯನ್ ಕ್ನೈಪ್ ಎಂಬ ಪಾದ್ರಿ ಇದ್ದರು, 1821ರಲ್ಲಿ ಹುಟ್ಟಿದವರು, ಕ್ಷಯಕ್ಕೆ ಡ್ಯಾನ್ಯೂಬ್ ನದಿಯ ಕೊರೆಯುವ ನೀರಿಗೇ ಇಳಿದವರು, ಆಮೇಲೆ ನೀರಿನ ಚಿಕಿತ್ಸೆಗೇ ಹೆಸರಾದವರು ಎಂದೆ. “ಅವರೂರಲ್ಲಿ ಸೌದೆ ಇರ್ನಿಲ್ವೇನೋ, ಪಾಪ” ಅಂದರು. ಮರುಮಾತಿಗೆ ನನ್ನಲ್ಲಿ ಏನೂ ಇರಲಿಲ್ಲ. ನಮಗೆ ಡ್ಯಾನ್ಯೂಬ್ ಇಲ್ಲ. ತಾಲ್ಲೂಕಿನಲ್ಲಿರುವುದು ಹೇಮಾವತಿ ನಾಲೆ, ಅದಕ್ಕೂ ನೀರು ಬಿಟ್ಟಾಗಲೇ ನೀರು.

ಗುಣ ಆಯಿತೇ ಎಂದು ಕೇಳುತ್ತೀರಿ. ಆಟಗಾರರ ಮೇಲೆ ಇದನ್ನು ಪರೀಕ್ಷಿಸಿದವರಿದ್ದಾರೆ. ಏನೂ ಮಾಡದೆ ಕುಳಿತವರಿಗಿಂತ ಬಿಸಿ-ತಣ್ಣೀರಿನಲ್ಲಿ ಅದ್ದಿಕೊಂಡವರಿಗೆ ಮೈಕೈ ನೋವು ಕಡಿಮೆ, ಆದರೆ ಬೇರೆ ಉಪಚಾರಗಳಿಗಿಂತ ಇದೇ ಮೇಲು ಎನ್ನುವಂತಿಲ್ಲ ಎಂದು ಕಂಡುಕೊಂಡಿದ್ದಾರೆ. ಅಷ್ಟು ಹೊತ್ತಿನಲ್ಲಿ ಒಳಗಿನ ಸ್ನಾಯುವಿಗೆ ಶಾಖ ಹೆಚ್ಚು ಇಳಿಯುವುದಿಲ್ಲವೆಂದು ಅಳೆದು ನೋಡಿದವರೂ ಇದ್ದಾರೆ. ನನ್ನ ಹಿಮ್ಮಡಿಯ ಮಟ್ಟಿಗೆ, ಬೆಳಿಗ್ಗೆ ಎದ್ದು ನೆಲಕ್ಕೆ ಊರುವ ಮೊದಲ ಹೆಜ್ಜೆಗೆ ಈಗ ಅಮ್ಮಾ ಅನ್ನುವುದು ನಿಂತಿದೆ. ಬಕೆಟ್ಟಿನ ಪುಣ್ಯ ಎಷ್ಟೋ, ಇಪ್ಪತ್ತು ನಿಮಿಷ ಯಾರೂ “ತೋಟಕ್ಕೆ ಹೋಗಿ ಬನ್ನಿ” ಅನ್ನದಿದ್ದುದರ ಪುಣ್ಯ ಎಷ್ಟೋ. ಎರಡು ಬಕೆಟ್ ನಡುವೆ ಕುಳಿತ ಗಂಡಸಿಗೆ ಕೆಲಸ ಹೇಳಲು ಹೆಂಡತಿಗೂ ಮನಸ್ಸು ಬರುವುದಿಲ್ಲ. ನನ್ನ ಪ್ರಕಾರ ಈ ಚಿಕಿತ್ಸೆಯ ಮುಖ್ಯ ಔಷಧಿ ಅದೇ.

ನೀವೂ ಮಾಡುವುದಾದರೆ ನೀರಿನ ಬಿಸಿಯನ್ನು ಬಾಣಂತಿಗೆ ನೀರೆರೆಯುವವರ ಹಾಗೆ ಮೊಣಕೈ ಅದ್ದಿ ನೋಡಿಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶ ತಿಳಿಯದವರು, ಕಾಲಿನಲ್ಲಿ ಗಾಯವಿರುವವರು ಡಾಕ್ಟರನ್ನು ಕೇಳದೆ ಈ ಉಸಾಬರಿಗೆ ಹೋಗಬೇಡಿ. ಐಸಿಗೆ ಭಾನುವಾರ ಬಿಟ್ಟು ಬೇರೆ ದಿನ ಹೋಗಿ. ಅವತ್ತು ಮೀನಿಗೇ ಸಾಲುವುದಿಲ್ಲವಂತೆ.